ಹೃದಯದ ಅಪಾಯವನ್ನು ಅಳೆಯುವ ವಿದ್ಯೆ: ಒಂದು ಚರಿತ್ರೆ, ಒಂದು ಹೊಣೆ

ಕೆಲವು ವರ್ಷಗಳ ಹಿಂದಿನ ಮಾತು. ಬೈಲಹೊಂಗಲದಲ್ಲಿ ಗಾದಿ ಅಂಗಡಿ ಇಟ್ಟುಕೊಂಡಿದ್ದ ನನ್ನ ದೊಡ್ಡಪ್ಪನ ಮಗ, ವಯಸ್ಸಿನಲ್ಲಿ ನನಗಿಂತ ಹಿರಿಯ, ಫಜ್ರ್ ನಮಾಝ್ ಮುಗಿಸಿ ಮನೆಗೆ ಬಂದವನು ಎದೆಯಲ್ಲಿ ಭಾರವೆಂದ. ಎಡಗೈ ಜೋಮು ಹಿಡಿದಂತಾಗಿದೆ ಎಂದ. ರಾತ್ರಿ ಮದುವೆಮನೆಯಲ್ಲಿ ಬಿರಿಯಾನಿ ಉಂಡದ್ದು ಎಲ್ಲರಿಗೂ ನೆನಪಿತ್ತು. ಗ್ಯಾಸ್ ಆಗಿರಬೇಕೆಂದು ತೀರ್ಮಾನಿಸಿದೆವು. ಸೋಡಾ ತಂದುಕೊಟ್ಟವನು ನಾನೇ. ಕುಡಿದ, ತೇಗಿದ, ಸ್ವಲ್ಪ ಹಗುರಾಯಿತೆಂದ. ಝುಹರ್ ಸಮಯ ಸಮೀಪಿಸುವಾಗ ಮೈಯೆಲ್ಲ ತಣ್ಣಗೆ ಬೆವರಿತು. ಆಗ ವಾಹನ ಹುಡುಕಿದೆವು. ಅಸ್ರ್ ವೇಳೆಗೆ ಅವನು ಅಲ್ಲಾಹನ ಕಡೆಗೆ ಮರಳಿದ್ದ. ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್.

ಅವನಿಗೆ ಬಿಪಿ ಇದೆಯೆಂದು ಅದಕ್ಕೆ ಎರಡು ವರ್ಷ ಮೊದಲೇ ವೈದ್ಯರು ಹೇಳಿದ್ದರು. ಎರಡು ತಿಂಗಳು ಗುಳಿಗೆ ನುಂಗಿ, ಆರಾಮಾಗಿದೆಯೆಂದು ಬಿಟ್ಟಿದ್ದ. ಜನಾಝ ಮುಗಿದ ಮೂರನೆಯ ದಿನ ಸಾಂತ್ವನ ಹೇಳಲು ಹೋದಾಗ ನಾನು ಎಲ್ಲ ಮೌಲವಿಗಳು ಹೇಳುವ ಮಾತನ್ನೇ ಹೇಳಿದೆ: ಎಲ್ಲವೂ ಅಲ್ಲಾಹನ ತೀರ್ಮಾನ. ಭಾಭಿ ಪರದೆಯ ಆಚೆಯಿಂದ ಮೆಲ್ಲನೆ ಕೇಳಿದರು: "ಗುಳಿಗೆ ಬಿಟ್ಟದ್ದೂ ಅಲ್ಲಾಹನ ತೀರ್ಮಾನವೇನು, ಭಾಯಿ?"

ನನ್ನ ಬಳಿ ಉತ್ತರವಿರಲಿಲ್ಲ. ಆ ಪ್ರಶ್ನೆಯನ್ನು ಹೊತ್ತು ನಾನು ಓದತೊಡಗಿದೆ. ಮದ್ರಸದಲ್ಲಿ ಕಲಿತ ಗ್ರಂಥಗಳನ್ನು ಮತ್ತೆ ತೆರೆದೆ. ವೈದ್ಯಕೀಯದ ಚರಿತ್ರೆಯನ್ನೂ ತಿಳಿದವರಿಂದ ಕೇಳಿ ತಿಳಿದುಕೊಂಡೆ. ಹೃದಯದ ಅಪಾಯವನ್ನು ಮುಂಚಿತವಾಗಿ ಅರಿಯುವ ವಿದ್ಯೆ ಹೇಗೆ ಬೆಳೆಯಿತು, ಅದರಲ್ಲಿ ನಮ್ಮ ಪೂರ್ವಿಕರ ಪಾಲೇನು, ಇಂದು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಮನೆಗಳಿಗೆ ಅದು ಏನು ಹೇಳುತ್ತದೆ ಎಂಬುದನ್ನು ಪ್ರಿಯ ಓದುಗರ ಮುಂದಿಡುತ್ತಿದ್ದೇನೆ.

ಪ್ರವಾದಿವರ್ಯರು(ಸ) ತೋರಿದ ದಾರಿ

ಸುನನ್ ಅಬೂದಾವೂದ್ ಗ್ರಂಥದಲ್ಲಿ ಒಂದು ವರದಿಯಿದೆ. ಹಝ್ರತ್ ಸಅದ್(ರ) ಕಾಯಿಲೆ ಬಿದ್ದಾಗ ಪ್ರವಾದಿ ಮುಹಮ್ಮದ್(ಸ) ಅವರನ್ನು ನೋಡಲು ಹೋದರು. ತಮ್ಮ ಕೈಯನ್ನು ಅವರ ಎದೆಯ ಮೇಲಿಟ್ಟರು. ಇವರ ಹೃದಯಕ್ಕೆ ತೊಂದರೆಯಾಗಿದೆಯೆಂದು ಗುರುತಿಸಿ, ಸಕೀಫ್ ಗೋತ್ರದ ಹಾರಿಸ್ ಬಿನ್ ಕಲದನ ಬಳಿಗೆ ಹೋಗುವಂತೆ ಸೂಚಿಸಿದರು. ಮದೀನಾದ ಅಜ್ವಾ ಖರ್ಜೂರದ ಚಿಕಿತ್ಸೆಯನ್ನೂ ತಿಳಿಸಿದರು. ಹಾರಿಸ್ ತಾಯಿಫಿನವನು, ಆ ಕಾಲದ ಅರಬರಲ್ಲಿ ಹೆಸರಾಂತ ವೈದ್ಯ. ಈ ವರದಿಯ ಸನದಿನ ಬಗ್ಗೆ ಹದೀಸ್ ವಿದ್ವಾಂಸರಲ್ಲಿ ಚರ್ಚೆಯಿದೆ, ಕೆಲವರು ಇದನ್ನು ದುರ್ಬಲವೆಂದಿದ್ದಾರೆ. ಆದುದರಿಂದ ಇದೊಂದರ ಮೇಲೆ ಭಾರ ಹಾಕಬೇಕಾಗಿಲ್ಲ. ಉಸಾಮ ಬಿನ್ ಶರೀಕ್(ರ) ವರದಿ ಮಾಡಿದ ಪ್ರಸಿದ್ಧ ಹದೀಸ್ ಇದೆ. ನಾವು ಚಿಕಿತ್ಸೆ ಮಾಡಿಸಿಕೊಳ್ಳಬಹುದೇ ಎಂದು ಗ್ರಾಮೀಣ ಅರಬರು ಕೇಳಿದಾಗ ಪ್ರವಾದಿವರ್ಯರು(ಸ) ಮಾಡಿಸಿಕೊಳ್ಳಿರೆಂದು ಆದೇಶಿಸಿದರು; ಮುಪ್ಪೊಂದನ್ನುಳಿದು ಅಲ್ಲಾಹನು ಇಳಿಸಿದ ಪ್ರತಿ ರೋಗಕ್ಕೂ ಮದ್ದನ್ನು ಇಳಿಸಿರುವನೆಂದು ತಿಳಿಸಿದರು.

ಆ ಗ್ರಾಮೀಣರ ಪ್ರಶ್ನೆಯ ಹಿಂದಿದ್ದ ಶಂಕೆ ಇಂದಿನದೇ. ಔಷಧ ತೆಗೆದುಕೊಳ್ಳುವುದು ಅಲ್ಲಾಹನ ಮೇಲಿನ ಭರವಸೆಗೆ ಕುಂದು ತರುವುದೇ ಎಂಬ ಶಂಕೆ. ಉತ್ತರ ಸ್ಪಷ್ಟವಾಗಿತ್ತು. ಮುಸ್ಲಿಮ್ ನಾಗರಿಕತೆಯಲ್ಲಿ ವೈದ್ಯವಿದ್ಯೆ ಬೆಳೆದದ್ದು ಆ ಉತ್ತರದ ನೆರಳಿನಲ್ಲಿ.

ಮದ್ರಸದ ಗುರು, ಹೃದಯದ ಶೋಧಕ

ಕ್ರಿ.ಶ. 2ನೇ ಶತಮಾನದ ಗ್ರೀಕ್ ವೈದ್ಯ ಗೇಲೆನ್ ಬರೆದದ್ದೇ ಸಾವಿರಕ್ಕೂ ಹೆಚ್ಚು ವರ್ಷ ವೈದ್ಯಕೀಯದ ಅಂತಿಮ ಮಾತಾಗಿತ್ತು. ಹೃದಯದ ಬಲ ಮತ್ತು ಎಡ ಕೋಣೆಗಳ ನಡುವಿನ ಗೋಡೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ, ರಕ್ತ ಅವುಗಳ ಮೂಲಕ ದಾಟುತ್ತದೆ ಎಂದು ಅವನು ನಂಬಿದ್ದ. 9ನೇ ಶತಮಾನದ ಬಗ್ದಾದಿನಲ್ಲಿ ಹುನೈನ್ ಬಿನ್ ಇಸ್‌ಹಾಕ್ ಮತ್ತು ಅವನ ಸಂಗಡಿಗರು ಗೇಲೆನನ ಗ್ರಂಥಗಳನ್ನು ಅರಬಿಗೆ ತಂದರು. ಇಬ್ನ್ ಸೀನಾ (980–1037) ತನ್ನ 'ಅಲ್ ಕಾನೂನ್' ಎಂಬ ಬೃಹದ್‌ಗ್ರಂಥದಲ್ಲಿ ನಾಡಿಯ ಬಡಿತವನ್ನು ಬಗೆಬಗೆಯಾಗಿ ವಿಂಗಡಿಸಿದ. ಹೃದಯದ ಔಷಧಗಳ ಬಗ್ಗೆಯೇ ಒಂದು ಪ್ರತ್ಯೇಕ ಕಿರುಗ್ರಂಥವನ್ನೂ ಬರೆದ. ಆದರೆ ಗೋಡೆಯ ರಂಧ್ರದ ವಿಷಯದಲ್ಲಿ ಅವನೂ ಹಳೆಯ ದಾರಿಯನ್ನು ಬಿಡಲಿಲ್ಲ.

ಆ ದಾರಿಯನ್ನು ಬಿಟ್ಟವರು ಅಲಾವುದ್ದೀನ್ ಇಬ್ನ್ ನಫೀಸ್(ರಹ್). ದಮಾಸ್ಕಸ್ ಬಳಿ 13ನೇ ಶತಮಾನದ ಆರಂಭದಲ್ಲಿ ಹುಟ್ಟಿ, ಅಲ್ಲಿನ ನೂರೀ ಆಸ್ಪತ್ರೆಯಲ್ಲಿ ವೈದ್ಯ ಕಲಿತು, ಕೈರೋಗೆ ಹೋಗಿ ನೆಲೆಸಿದರು. ಅವರು ವೈದ್ಯರಷ್ಟೇ ಅಲ್ಲ, ಶಾಫಿಈ ಫಿಕ್‌ಹ್‌ನ ವಿದ್ವಾಂಸರು. ಕೈರೋದ ಮಸ್ರೂರಿಯ್ಯ ಮದ್ರಸದಲ್ಲಿ ಪಾಠ ಹೇಳುತ್ತಿದ್ದರು. 1242ರಲ್ಲಿ, ಮೂವತ್ತರ ಆಸುಪಾಸಿನಲ್ಲಿದ್ದಾಗ, ಇಬ್ನ್ ಸೀನಾನ ಗ್ರಂಥದ ಶರೀರರಚನೆಯ ಭಾಗಕ್ಕೆ ವ್ಯಾಖ್ಯಾನ ಬರೆದರು. ಹೃದಯದ ನಡುಗೋಡೆ ಗಟ್ಟಿಯಾಗಿದೆ, ಅದರಲ್ಲಿ ಕಾಣುವ ರಂಧ್ರವೂ ಇಲ್ಲ, ಕಾಣದ ರಂಧ್ರವೂ ಇಲ್ಲ. ಬಲಗೋಣೆಯ ರಕ್ತ ಶ್ವಾಸಕೋಶಕ್ಕೆ ಹೋಗಿ, ಅಲ್ಲಿ ಗಾಳಿಯೊಂದಿಗೆ ಬೆರೆತು, ಎಡಗೋಣೆಗೆ ಬರುತ್ತದೆ ಎಂದು ಆ ವ್ಯಾಖ್ಯಾನದಲ್ಲಿ ವಾದಿಸಿದರು. ಹೃದಯದ ಮಾಂಸಕ್ಕೆ ಪೋಷಣೆ ದೊರೆಯುವುದು ಅದರೊಳಗೇ ಹರಡಿರುವ ನಾಳಗಳಿಂದ ಎಂದೂ ಬರೆದರು. ಇಂದು ಹೃದಯಾಘಾತವೆಂದರೆ ಆ ನಾಳಗಳಲ್ಲಿ ಒಂದು ಕಟ್ಟಿಕೊಳ್ಳುವುದೇ.

ಇದನ್ನು ಉತ್ಪ್ರೇಕ್ಷಿಸಬಾರದು. ಇಡೀ ದೇಹದ ರಕ್ತಪರಿಚಲನೆಯನ್ನು ಪ್ರಯೋಗಗಳ ಮೂಲಕ ಸಾಧಿಸಿ ತೋರಿಸಿದವನು ಇಂಗ್ಲೆಂಡಿನ ವಿಲಿಯಮ್ ಹಾರ್ವೆ, 1628ರಲ್ಲಿ. ಇಬ್ನ್ ನಫೀಸರು ವಿವರಿಸಿದ್ದು ಹೃದಯ ಮತ್ತು ಶ್ವಾಸಕೋಶದ ನಡುವಿನ ದಾರಿಯನ್ನು. ಅಷ್ಟೇ ಸಾಕು. 1288ರಲ್ಲಿ ಅವರು ತೀರಿಕೊಂಡಾಗ ತಮ್ಮ ಮನೆ ಮತ್ತು ಪುಸ್ತಕಭಂಡಾರವನ್ನು ಕೈರೋದ ಮನ್ಸೂರಿ ಆಸ್ಪತ್ರೆಗೆ ಬಿಟ್ಟುಹೋದರು. ಅವರ ಶೋಧವನ್ನು ನಮ್ಮವರೇ ಮರೆತರು. 1924ರಲ್ಲಿ ಮುಹ್ಯಿದ್ದೀನ್ ತತಾವಿ ಎಂಬ ಈಜಿಪ್ಟಿನ ಯುವ ವೈದ್ಯ ಬರ್ಲಿನ್ನಿನ ಗ್ರಂಥಾಲಯದಲ್ಲಿದ್ದ ಹಸ್ತಪ್ರತಿಯನ್ನು ಓದಿ ಅದನ್ನು ಬೆಳಕಿಗೆ ತಂದನು. ಮದ್ರಸದ ಗುರುವೊಬ್ಬರು ಕಂಡುಕೊಂಡದ್ದನ್ನು ಏಳು ಶತಮಾನ ಕಪಾಟಿನಲ್ಲಿಟ್ಟ ಸಮುದಾಯ ನಮ್ಮದು ಎಂಬುದನ್ನು ಅಭಿಮಾನ ಪಡುವಾಗ ನೆನಪಿಡುವುದು ಒಳ್ಳೆಯದು.

ಒತ್ತಡವನ್ನು ಅಳೆದವರು

ನಾಡಿ ಹಿಡಿದು ರೋಗ ಹೇಳುವ ಹಕೀಮರು ನಮ್ಮ ಭಾಗದಲ್ಲಿ ತಲೆಮಾರುಗಳಿಂದ ಇದ್ದರು. ಬೆರಳಿಗೆ ಬಡಿತ ತಿಳಿಯುತ್ತಿತ್ತು. ಆದರೆ ನಾಳದೊಳಗೆ ರಕ್ತ ಎಷ್ಟು ಬಲದಿಂದ ಒತ್ತುತ್ತಿದೆ ಎಂಬುದನ್ನು ಅಂಕಿಯಲ್ಲಿ ಹೇಳಲು ಆಗುತ್ತಿರಲಿಲ್ಲ. 1733ರಲ್ಲಿ ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ ಕುದುರೆಯ ರಕ್ತನಾಳಕ್ಕೆ ಗಾಜಿನ ಕೊಳವೆ ಜೋಡಿಸಿ ರಕ್ತ ಎಂಟು ಅಡಿಗಿಂತ ಎತ್ತರಕ್ಕೆ ಏರಿದ್ದನ್ನು ವರದಿ ಮಾಡಿದನು. 1828ರಲ್ಲಿ ಪ್ಯಾರಿಸಿನ ಪ್ವಾಸ್ಯೂಯ್ ಪ್ರಾಣಿಗಳ ರಕ್ತದೊತ್ತಡವನ್ನು ಪಾದರಸದ ಕೊಳವೆಯಿಂದ ಅಳೆದನು. ನಮ್ಮ ಬಿಪಿ ಚೀಟಿಯ ಮೇಲಿನ ಅಂಕಿಗಳು ಇಂದಿಗೂ ಪಾದರಸದ ಮಿಲಿಮೀಟರಿನಲ್ಲಿರುವುದಕ್ಕೆ ಮೂಲ ಅದೇ.

ಅದರ ಮರುವರ್ಷ, 1829ರ ಫೆಬ್ರವರಿಯಲ್ಲಿ, ಕಿತ್ತೂರಿನ ರಾಣಿ ಚೆನ್ನಮ್ಮ ಬೈಲಹೊಂಗಲದ ಕೋಟೆಯ ಸೆರೆಯಲ್ಲಿ ಕೊನೆಯುಸಿರೆಳೆದರು. ಆಗ ಮನುಷ್ಯರ ರಕ್ತದೊತ್ತಡವನ್ನು ನೋವಿಲ್ಲದೆ ಅಳೆಯುವ ಸಾಧನ ಜಗತ್ತಿನ ಯಾವ ದೊರೆಗೂ ಲಭ್ಯವಿರಲಿಲ್ಲ. ತೋಳಿಗೆ ಪಟ್ಟಿ ಕಟ್ಟಿ ಗಾಳಿ ತುಂಬುವ ಸಾಧನವನ್ನು ಇಟಲಿಯ ರಿವಾ-ರೋಚಿ ರೂಪಿಸಿದ್ದು 1896ರಲ್ಲಿ. ಸ್ಟೆತಸ್ಕೋಪಿನಿಂದ ಶಬ್ದ ಕೇಳಿ ಮೇಲಿನ ಮತ್ತು ಕೆಳಗಿನ ಎರಡು ಅಂಕಿಗಳನ್ನು ಗುರುತಿಸುವ ಕ್ರಮವನ್ನು ರಷ್ಯಾದ ಕೊರೊಟ್ಕಾಫ್ ತಿಳಿಸಿದ್ದು 1905ರಲ್ಲಿ. ಇಂದು ನಮ್ಮ ಹಳ್ಳಿಯ ಉಪಕೇಂದ್ರದಲ್ಲಿ ದುಡ್ಡಿಲ್ಲದೆ ಎರಡು ನಿಮಿಷದಲ್ಲಿ ಆಗುವ ಕೆಲಸ ಅಂದು ಅರಮನೆಗಳಲ್ಲೂ ಆಗುತ್ತಿರಲಿಲ್ಲ.

ಅಳೆಯಲು ಕಲಿತ ಮೇಲೂ ಅದರ ಅರ್ಥ ತಿಳಿಯಲು ಅರ್ಧ ಶತಮಾನ ಹಿಡಿಯಿತು. ವಯಸ್ಸಾದಂತೆ ಬಿಪಿ ಏರುವುದು ಸಹಜ, ದೇಹಕ್ಕೆ ಅದು ಬೇಕೆಂದೇ ಏರುತ್ತದೆ ಎಂದು ದೊಡ್ಡ ವೈದ್ಯರೂ ನಂಬಿದ್ದರು. ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್ವೆಲ್ಟರ ಒತ್ತಡ 1944ರ ಮಾರ್ಚಿನಲ್ಲಿ 186/108 ಇತ್ತು. 1945ರ ಏಪ್ರಿಲ್ 12ರಂದು ಮೆದುಳಿನಲ್ಲಿ ರಕ್ತಸ್ರಾವವಾದಾಗ ಅದು 300/190 ಮುಟ್ಟಿತ್ತು. ಅಂದೇ ಅವರು ತೀರಿಕೊಂಡರು. ಅಷ್ಟು ಬಲಾಢ್ಯ ದೇಶದ ಅಧ್ಯಕ್ಷನಿಗೂ ಕೊಡಲು ಅಂದು ಪರಿಣಾಮಕಾರಿಯಾದ ಗುಳಿಗೆ ಇರಲಿಲ್ಲ. ನನ್ನ ಅಣ್ಣನ ಮನೆಯ ಗೂಡಿನಲ್ಲಿ ಅಂಥ ಗುಳಿಗೆಯ ಅರ್ಧ ಪಟ್ಟಿ ಉಳಿದುಕೊಂಡಿತ್ತು.

ಒಂದು ಊರಿನ ಲೆಕ್ಕ

1948ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಫ್ರಾಮಿಂಗ್‌ಹ್ಯಾಮ್ ಎಂಬ ಪಟ್ಟಣದಲ್ಲಿ ಒಂದು ಅಧ್ಯಯನ ಆರಂಭವಾಯಿತು. 30ರಿಂದ 62 ವರ್ಷದೊಳಗಿನ 5,209 ಸ್ತ್ರೀಪುರುಷರನ್ನು ಎರಡು ವರ್ಷಕ್ಕೊಮ್ಮೆ ಪರೀಕ್ಷಿಸಿ, ಯಾರಿಗೆ ಹೃದಯರೋಗ ಬರುತ್ತದೆ, ಬಂದವರಲ್ಲಿ ಮೊದಲೇ ಏನಿತ್ತು ಎಂದು ತಾಳ್ಮೆಯಿಂದ ಬರೆದಿಟ್ಟರು. ರೋಗ ಬಂದ ಮೇಲೆ ನೋಡುವುದು ಹಳೆಯ ಕ್ರಮ. ಆರೋಗ್ಯವಂತರನ್ನು ವರ್ಷಾನುಗಟ್ಟಲೆ ನೋಡುತ್ತ ಕಾಯುವುದು ಹೊಸ ಕ್ರಮ.

1961ರಲ್ಲಿ ವಿಲಿಯಮ್ ಕ್ಯಾನೆಲ್ ಮತ್ತು ಸಂಗಡಿಗರು ಪ್ರಕಟಿಸಿದ ಲೇಖನದಲ್ಲಿ 'ಅಪಾಯದ ಅಂಶಗಳು' ಎಂಬ ಮಾತು ಬಳಕೆಗೆ ಬಂತು. ಏರಿದ ರಕ್ತದೊತ್ತಡ, ಏರಿದ ಕೊಲೆಸ್ಟರಾಲ್, ಮುಂದೆ ಧೂಮಪಾನ, ಸಕ್ಕರೆ ಕಾಯಿಲೆ ಇವುಗಳು ಒಂದೊಂದಾಗಿ ಪಟ್ಟಿಗೆ ಸೇರಿದವು. ಇವು ಒಬ್ಬನಲ್ಲೇ ಕೂಡಿದಾಗ ಅಪಾಯ ಬಹುಪಾಲು ಹೆಚ್ಚುತ್ತದೆ ಎಂಬುದು ಮುಖ್ಯ ಪಾಠ. ಇದರಿಂದ ಮುಂದಿನ 10 ವರ್ಷಗಳಲ್ಲಿ ಒಬ್ಬರಿಗೆ ಹೃದಯಾಘಾತ ಅಥವಾ ಪಾರ್ಶ್ವವಾಯು ಬರುವ ಸಂಭವವೆಷ್ಟು ಎಂದು ಅಂದಾಜಿಸುವ ಕೋಷ್ಟಕಗಳು ಹುಟ್ಟಿದವು.

ಆದರೆ ಅದು ಬಹುತೇಕ ಬಿಳಿಯರಿದ್ದ ಒಂದು ಊರಿನ ಲೆಕ್ಕ. ರಾಮದುರ್ಗದ ನೇಕಾರನಿಗೆ ಅದೇ ಲೆಕ್ಕ ಸರಿಹೊಂದುತ್ತದೆಯೇ?

ನಮ್ಮ ನಾಡಿನ ಲೆಕ್ಕ

ಆ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸದಲ್ಲಿ ನಮ್ಮ ಕರ್ನಾಟಕದ ಪಾಲು ದೊಡ್ಡದು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ಪ್ರೇಮ್ ಪೈಸ್ ಮತ್ತು ಸಂಗಡಿಗರು ಮೊದಲ ಸಲ ಹೃದಯಾಘಾತವಾದ 200 ಜನರನ್ನು, ಅದೇ ವಯಸ್ಸಿನ ಹೃದಯಾಘಾತವಾಗದ 200 ಜನರೊಂದಿಗೆ ಹೋಲಿಸಿ 1996ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಸಿಗರೇಟು ಮತ್ತು ಬೀಡಿ ಸೇದುವುದು ಎಲ್ಲಕ್ಕಿಂತ ಮುಖ್ಯ ಕಾರಣವಾಗಿ ಕಂಡಿತು. ಬೀಡಿ ಸಣ್ಣದು, ಅದರಿಂದೇನೂ ಆಗದು ಎಂಬ ನಮ್ಮ ನಂಬಿಕೆ ಅಲ್ಲಿ ಸುಳ್ಳಾಯಿತು. ಬಿಪಿ, ಸಕ್ಕರೆ ಕಾಯಿಲೆ ಮತ್ತು ಹೊಟ್ಟೆಯ ಸುತ್ತಲಿನ ಬೊಜ್ಜು ನಂತರದ ಸಾಲಿನಲ್ಲಿದ್ದವು.

2004ರಲ್ಲಿ ಸಲೀಮ್ ಯೂಸುಫ್ ಅವರ ನೇತೃತ್ವದ 'ಇಂಟರ್‌ಹಾರ್ಟ್' ಅಧ್ಯಯನ 52 ದೇಶಗಳ ಮಾಹಿತಿಯನ್ನು ಕೂಡಿಸಿತು. ಮೊದಲ ಹೃದಯಾಘಾತದ ಅಪಾಯದಲ್ಲಿ ಸುಮಾರು ಶೇ. 90ರಷ್ಟನ್ನು ಅಳೆಯಬಹುದಾದ ಒಂಬತ್ತು ಅಂಶಗಳು ವಿವರಿಸುತ್ತವೆ ಎಂದು ಅದು ತೋರಿಸಿತು. ತಂಬಾಕು, ಕೊಬ್ಬಿನ ಏರುಪೇರು, ಬಿಪಿ, ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ, ಹಣ್ಣುತರಕಾರಿಯ ಕೊರತೆ, ಮದ್ಯದ ಬಳಕೆಯ ಪ್ರಮಾಣ, ದೈಹಿಕ ಶ್ರಮದ ಅಭಾವ: ಇವೇ ಆ ಒಂಬತ್ತು. ಅದರ ದಕ್ಷಿಣ ಏಷ್ಯಾದ ಭಾಗ 2007ರಲ್ಲಿ ಬಂತು. ನಮ್ಮ ಭಾಗದವರಿಗೆ ಮೊದಲ ಆಘಾತವಾಗುವ ಮಧ್ಯಮ ವಯಸ್ಸು 53. ಉಳಿದ ದೇಶಗಳವರಿಗೆ ಸುಮಾರು 59. ಮಗಳ ಮದುವೆ, ಮಗನ ಓದು ಇನ್ನೂ ಬಾಕಿಯಿರುವ ಆರು ವರ್ಷಗಳು ಅವು.

2008ರಲ್ಲಿ ಮತ್ತೆ ಸೇಂಟ್ ಜಾನ್ಸ್‌ನವರೇ ಮುನ್ನಡೆಸಿದ 'ಕ್ರಿಯೇಟ್' ನೋಂದಣಿ ದೇಶದ 20,000ಕ್ಕೂ ಹೆಚ್ಚು ರೋಗಿಗಳ ಕಥೆ ಹೇಳಿತು. ನೋವು ಶುರುವಾದಾಗಿನಿಂದ ಆಸ್ಪತ್ರೆ ಮುಟ್ಟುವವರೆಗಿನ ಮಧ್ಯಮ ಅವಧಿ 360 ನಿಮಿಷ, ಅಂದರೆ ಆರು ಗಂಟೆ. ಒಂದು ತಿಂಗಳೊಳಗೆ ತೀರಿಕೊಂಡವರು ಶ್ರೀಮಂತರಲ್ಲಿ ಶೇ. 5.5, ಬಡವರಲ್ಲಿ ಶೇ. 8.2. ಈ ಅಂಕಿಯನ್ನು ಓದಿದ ದಿನ ನಾನು ಫಜ್ರ್‌ನಿಂದ ಝುಹರ್‌ವರೆಗಿನ ಗಂಟೆಗಳನ್ನು ಬೆರಳಲ್ಲಿ ಎಣಿಸಿದೆ.

ಈಗಿನ ಮಾರ್ಗಸೂಚಿ ಏನು ಹೇಳುತ್ತದೆ

ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೊರತಂದ ಅಪಾಯದ ಕೋಷ್ಟಕಗಳನ್ನು 2019ರಲ್ಲಿ ಹೊಸದಾಗಿ ಸಿದ್ಧಪಡಿಸಿತು. ಜಗತ್ತನ್ನು 21 ಪ್ರದೇಶಗಳಾಗಿ ವಿಂಗಡಿಸಿ, ದಕ್ಷಿಣ ಏಷ್ಯಾಕ್ಕೆ ಪ್ರತ್ಯೇಕ ಕೋಷ್ಟಕ ಕೊಟ್ಟಿತು. ಒಂದು ಬಗೆಯ ಕೋಷ್ಟಕಕ್ಕೆ ವಯಸ್ಸು, ಲಿಂಗ, ಧೂಮಪಾನ, ಬಿಪಿಯ ಮೇಲಿನ ಅಂಕಿ, ಸಕ್ಕರೆ ಕಾಯಿಲೆ ಮತ್ತು ಕೊಲೆಸ್ಟರಾಲ್ ಬೇಕು. ಇನ್ನೊಂದಕ್ಕೆ ರಕ್ತಪರೀಕ್ಷೆಯೇ ಬೇಡ. ಸಕ್ಕರೆ ಮತ್ತು ಕೊಲೆಸ್ಟರಾಲ್ ಬದಲು ಎತ್ತರ ಮತ್ತು ತೂಕದ ಲೆಕ್ಕ ಸಾಕು. ಶೇ. 5ಕ್ಕಿಂತ ಕಡಿಮೆ ಅಪಾಯವಿದ್ದರೆ ಹಸಿರು, 5ರಿಂದ 10ರೊಳಗೆ ಹಳದಿ, 10ರಿಂದ 20ರೊಳಗೆ ಕಿತ್ತಳೆ, 20ರಿಂದ 30ರೊಳಗೆ ಕೆಂಪು, ಅದರ ಮೇಲೆ ಕಡುಗೆಂಪು. ಶೇ. 20 ಎಂದರೆ, ನಿಮ್ಮಂಥದೇ ಸ್ಥಿತಿಯ 100 ಜನರಲ್ಲಿ ಸುಮಾರು 20 ಜನರಿಗೆ ಮುಂದಿನ 10 ವರ್ಷಗಳಲ್ಲಿ ಹೃದಯಾಘಾತವೋ ಪಾರ್ಶ್ವವಾಯುವೋ ಆಗಬಹುದು ಎಂದರ್ಥ. ಆ ಇಪ್ಪತ್ತರಲ್ಲಿ ನೀವಿದ್ದೀರಾ ಎಂಬುದನ್ನು ಕೋಷ್ಟಕ ಹೇಳದು.

2021ರ ಅದೇ ಸಂಸ್ಥೆಯ ಬಿಪಿ ಮಾರ್ಗಸೂಚಿಯಂತೆ 140/90 ಮತ್ತು ಅದಕ್ಕಿಂತ ಮೇಲಿದೆಯೆಂದು ಖಚಿತವಾದವರಿಗೆ ಔಷಧ ಆರಂಭಿಸಬೇಕು. ಮೇಲಿನ ಅಂಕಿ 130ರಿಂದ 139ರ ನಡುವೆ ಇದ್ದರೆ, ಈಗಾಗಲೇ ಹೃದಯರೋಗವಿದ್ದವರಿಗೆ ಔಷಧ ಬೇಕು. ಸಕ್ಕರೆ ಕಾಯಿಲೆ, ಮೂತ್ರಪಿಂಡದ ಕಾಯಿಲೆ ಅಥವಾ ಒಟ್ಟು ಅಪಾಯ ಹೆಚ್ಚಿರುವವರಿಗೂ ಅದನ್ನು ಸೂಚಿಸಲಾಗಿದೆ. ಬೇರೆ ತೊಂದರೆಯಿಲ್ಲದ 42 ವರ್ಷದ ಗೃಹಿಣಿಗೆ 135 ಬಂದರೆ ಉಪ್ಪು ಕಡಿಮೆ ಮಾಡಿ, ನಡೆದಾಡಿ, ಮತ್ತೆ ಪರೀಕ್ಷಿಸಿಕೊಳ್ಳಿ ಎನ್ನಬಹುದು. ಅದೇ 135, ಸಕ್ಕರೆ ಕಾಯಿಲೆಯಿರುವ, ಬೀಡಿ ಸೇದುವ 62 ವರ್ಷದ ಹಿರಿಯರಿಗೆ ಬಂದರೆ ಮಾತು ಬೇರೆ. ಹೊಸ ಕಾಲದ ವೈದ್ಯರು ಒಂದು ಅಂಕಿಯನ್ನಲ್ಲ, ಇಡೀ ಮನುಷ್ಯನನ್ನು ನೋಡಿ ನಿರ್ಧರಿಸುತ್ತಾರೆ. ಆದುದರಿಂದಲೇ ನೆರೆಮನೆಯವರ ಗುಳಿಗೆಯನ್ನು ನಾವು ನುಂಗಬಾರದು, ಅವರು ಬಿಟ್ಟರೆಂದು ನಾವು ಬಿಡಲೂ ಬಾರದು.

ಭಾರತೀಯ ಹೃದ್ರೋಗ ತಜ್ಞರ ಸಂಘ 2024ರ ಜುಲೈನಲ್ಲಿ ಕೊಲೆಸ್ಟರಾಲ್ ಬಗ್ಗೆ ನಮ್ಮ ದೇಶಕ್ಕೆಂದೇ ಮಾರ್ಗಸೂಚಿ ಪ್ರಕಟಿಸಿತು. ಕೆಟ್ಟ ಕೊಲೆಸ್ಟರಾಲ್ ಎನ್ನಲಾಗುವ ಎಲ್‌ಡಿಎಲ್ ಸಾಮಾನ್ಯರಲ್ಲಿ 100ಕ್ಕಿಂತ ಕೆಳಗಿರಬೇಕು. ಹೆಚ್ಚು ಅಪಾಯದವರಲ್ಲಿ 70ಕ್ಕಿಂತ, ಹೃದಯಾಘಾತ ಆಗಿಹೋದಂಥ ಅತಿಹೆಚ್ಚು ಅಪಾಯದವರಲ್ಲಿ 55ಕ್ಕಿಂತ ಕೆಳಗಿರಬೇಕು. ಮೊದಲ ಪರೀಕ್ಷೆಯನ್ನು 18ರ ವಯಸ್ಸಿನಲ್ಲೇ ಮಾಡಿಸುವುದು ಒಳಿತು. ಸಾಮಾನ್ಯವಾಗಿ ಇದಕ್ಕೆ ಖಾಲಿ ಹೊಟ್ಟೆಯೂ ಬೇಕಿಲ್ಲ ಎಂದು ಅದು ಹೇಳುತ್ತದೆ. ಜೀವಮಾನದಲ್ಲಿ ಒಮ್ಮೆಯಾದರೂ ಲೈಪೊಪ್ರೋಟೀನ್-ಎ ಎಂಬ, ಹುಟ್ಟಿನಿಂದಲೇ ಬರುವ ಕೊಬ್ಬಿನ ಅಂಶವನ್ನು ಪರೀಕ್ಷಿಸಿಕೊಳ್ಳಬೇಕೆಂದೂ ಸೂಚಿಸುತ್ತದೆ.

ಕೋಷ್ಟಕಗಳಿಗೂ ಮಿತಿಯಿದೆ. ವಿಶ್ವ ಆರೋಗ್ಯ ಸಂಸ್ಥೆಯದು 40ರಿಂದ 74ರ ವಯಸ್ಸಿನವರಿಗೆ. ತಂದೆಗೋ ಅಣ್ಣನಿಗೋ ಚಿಕ್ಕ ವಯಸ್ಸಿನಲ್ಲಿ ಆಘಾತವಾಗಿದ್ದರೆ, ಬಾಣಂತನದಲ್ಲಿ ಬಿಪಿ ಏರಿದ್ದರೆ, ಅದನ್ನು ಕೋಷ್ಟಕ ಕೇಳುವುದಿಲ್ಲ. ನಾವೇ ವೈದ್ಯರಿಗೆ ಹೇಳಬೇಕು.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ

ಐಸಿಎಂಆರ್-ಇಂಡಿಯಾಬ್ ಎಂಬ ರಾಷ್ಟ್ರೀಯ ಅಧ್ಯಯನ 2023ರಲ್ಲಿ ಪ್ರಕಟಿಸಿದಂತೆ ದೇಶದ ವಯಸ್ಕರಲ್ಲಿ ಶೇ. 35.5ರಷ್ಟು ಜನರಿಗೆ ಬಿಪಿ ಇದೆ, ಶೇ. 11.4ರಷ್ಟು ಜನರಿಗೆ ಸಕ್ಕರೆ ಕಾಯಿಲೆ ಇದೆ. ಜುಮಾ ದಿನ ಸಫ್‌ನಲ್ಲಿ ನಿಂತಾಗ ಎಡಬಲಕ್ಕೆ ನೋಡಿ. ಮೂವರಲ್ಲಿ ಒಬ್ಬರು ಎಂದಾಯಿತು.

ನಮ್ಮ ಹಿರಿಯರ ಬದುಕು ಬೇರೆಯಿತ್ತು. ಬೈಲಹೊಂಗಲ ಹತ್ತಿಯ ಪೇಟೆ. ನದಾಫರು ಬಿಲ್ಲು ಹಿಡಿದು ಹತ್ತಿ ಹಿಂಜುತ್ತ ಊರೂರು ನಡೆಯುತ್ತಿದ್ದರು. ರಾಮದುರ್ಗದಲ್ಲಿ ಕೈಮಗ್ಗ ನಡೆಸುವವರ ಕೈಕಾಲು ದಿನವಿಡೀ ದುಡಿಯುತ್ತಿದ್ದವು. ಸವದತ್ತಿಯ ಕಪ್ಪು ಮಣ್ಣಿನ ಹೊಲದಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಲೆ, ಹಸಿ ಉಳ್ಳಾಗಡ್ಡಿ ಹೊಟ್ಟೆ ತುಂಬಿಸುತ್ತಿದ್ದವು. ಇಂದು ಹತ್ತಿ ಹಿಂಜುವುದು ಯಂತ್ರ. ನಾವು ಅಂಗಡಿಯ ಗಾದಿಯ ಮೇಲೆ ಕುಳಿತು ದಿನಕ್ಕೆ ಎಂಟು ಕಪ್ ಚಹಾ ಕುಡಿಯುತ್ತೇವೆ. ಸಂಜೆ ಮಿರ್ಚಿ ಭಜಿ, ಚುನಮುರಿ. ಬಾಯಲ್ಲಿ ಗುಟ್ಕಾ. ಉಪ್ಪು ದಿನಕ್ಕೆ ಒಬ್ಬರಿಗೆ 5 ಗ್ರಾಂ, ಸುಮಾರು ಒಂದು ಚಹಾ ಚಮಚ, ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಉಪ್ಪಿನಕಾಯಿ, ಹಪ್ಪಳ, ಶೇಂಗಾ ಚಟ್ನಿ ಸೇರಿದರೆ ಅದು ಮಧ್ಯಾಹ್ನದ ಊಟಕ್ಕೇ ಮುಗಿಯುತ್ತದೆ. ಈದ್‌ನ ಸುರಕುಂಬಾ ಬೇಡವೆಂದು ಯಾರೂ ಹೇಳುತ್ತಿಲ್ಲ. ವರ್ಷವಿಡೀ ಈದ್ ಆಗಬಾರದಷ್ಟೇ.

ಅಳೆಯುವ ವ್ಯವಸ್ಥೆ ಮನೆಬಾಗಿಲಿಗೇ ಬಂದಿದೆ. ಆಶಾ ಕಾರ್ಯಕರ್ತೆಯರು 30 ದಾಟಿದವರ ಪ್ರಶ್ನಾವಳಿ ತುಂಬುತ್ತಾರೆ: ವಯಸ್ಸು, ತಂಬಾಕು, ಮದ್ಯ, ಸೊಂಟದ ಸುತ್ತಳತೆ, ಶ್ರಮ, ಮನೆತನದಲ್ಲಿನ ಕಾಯಿಲೆ. ಗಂಡಸರ ಸೊಂಟ 90 ಸೆಂಟಿಮೀಟರ್, ಹೆಂಗಸರದು 80 ದಾಟಿದರೆ ಅಂಕ ಏರುತ್ತದೆ. ಒಟ್ಟು ನಾಲ್ಕು ಮೀರಿದವರು ಮೊದಲು ಪರೀಕ್ಷೆಗೆ ಹೋಗಬೇಕು. ಕರ್ನಾಟಕ ಸರ್ಕಾರದ 'ಗೃಹ ಆರೋಗ್ಯ' ಯೋಜನೆ 2024ರಲ್ಲಿ ಕೋಲಾರದಲ್ಲಿ ಆರಂಭವಾಗಿ ನಂತರ ರಾಜ್ಯಕ್ಕೆ ವಿಸ್ತರಿಸಿದೆ. ನಮ್ಮ ಕೆಲವು ಮನೆಗಳಲ್ಲಿ, ಗಂಡಸರು ಇಲ್ಲ, ಆಮೇಲೆ ಬನ್ನಿರೆಂದು ಬಾಗಿಲಲ್ಲೇ ಆಶಾ ಅಕ್ಕನವರನ್ನು ಕಳುಹಿಸುವ ರೂಢಿಯಿದೆ. ಹೆಂಗಸರ ಆರೋಗ್ಯಕ್ಕೆಂದು ಹೆಂಗಸರೇ ಬಂದಾಗ ಗಂಡಸರಿಗೆ ಕಾಯುವುದೇಕೆ?

ಇನ್ನು ದಾರಿಯ ಮಾತು. ರಾಮದುರ್ಗದಿಂದ ಬೆಳಗಾವಿಯ ಅಥವಾ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆ ಮುಟ್ಟಲು ಸುಮಾರು ಎರಡು ಗಂಟೆ ಬೇಕು. ಕಟ್ಟಿಕೊಂಡ ನಾಳ ಅಷ್ಟು ಹೊತ್ತು ಕಾಯದು. ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡದ್ದು ಎಲ್ಲರಿಗೂ ನೆನಪಿದೆ. ಅವರ ಹೆಸರಿನ 'ಹೃದಯ ಜ್ಯೋತಿ' ಯೋಜನೆಯನ್ನು ಸರ್ಕಾರ 2023ರಲ್ಲಿ ತಂದಿತು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ನೋಡಿ, ಆಘಾತವೆಂದು ಖಚಿತವಾದರೆ ಹೆಪ್ಪನ್ನು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಟ್ಟು, ನಂತರ ದೊಡ್ಡ ಆಸ್ಪತ್ರೆಗೆ ಕಳುಹಿಸುವ ಕ್ರಮ ಅದು. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಈ ಸೌಲಭ್ಯ ಯಾವ ರೀತಿಯಲ್ಲಿದೆ ಎಂಬುದನ್ನು ಮಸ್ಜಿದ್ ಕಮಿಟಿಯವರು ಇಂದೇ ವಿಚಾರಿಸಿ, ಫಲಕದಲ್ಲಿ ಬರೆದು ಹಾಕಲಿ. ಎದೆಭಾರ, ತೋಳಿಗೋ ದವಡೆಗೋ ಹರಿಯುವ ನೋವು, ತಣ್ಣನೆಯ ಬೆವರು, ಹೆಂಗಸರಲ್ಲಿ ಮತ್ತು ಸಕ್ಕರೆ ಕಾಯಿಲೆಯವರಲ್ಲಿ ಬರೀ ಉಸಿರುಕಟ್ಟುವಿಕೆ ಅಥವಾ ವಾಕರಿಕೆ ಕಂಡರೂ ಸೋಡಾ ಹುಡುಕದೆ 108ಕ್ಕೆ ಕರೆ ಮಾಡಬೇಕು.

ರಮಝಾನಿನಲ್ಲಿ ಗುಳಿಗೆ ಬಿಡುವವರು ಹಲವರು. ತಿಂಗಳು ಶುರುವಾಗುವ ಮೊದಲೇ ವೈದ್ಯರ ಬಳಿ ಹೋದರೆ ಬಹುಪಾಲು ಔಷಧಗಳನ್ನು ಸಹರಿ ಮತ್ತು ಇಫ್ತಾರ್ ವೇಳೆಗೆ ಹೊಂದಿಸಿಕೊಡುತ್ತಾರೆ. ಉಪವಾಸದಿಂದ ಹಾನಿಯಿದೆಯೆಂದು ಅವರು ಹೇಳಿದವರಿಗೆ ಅಲ್ಲಾಹನೇ ಕುರ್‌ಆನಿನಲ್ಲಿ ವಿನಾಯಿತಿ ಕೊಟ್ಟಿದ್ದಾನೆ. ಆ ವಿನಾಯಿತಿಯನ್ನು ಸ್ವೀಕರಿಸುವುದು ದೌರ್ಬಲ್ಯವಲ್ಲ.

ಎರಡು ಕಣಿವೆಗಳು

ಈಗ ಭಾಭಿಯ ಪ್ರಶ್ನೆಗೆ ಬರುತ್ತೇನೆ.

ಹಿಜರಿ 18ರ ಆಸುಪಾಸಿನಲ್ಲಿ ಖಲೀಫ ಹಝ್ರತ್ ಉಮರ್(ರ) ಶಾಮ್ ದೇಶಕ್ಕೆ ಹೊರಟಿದ್ದರು. ಸರ್ಗ್ ಎಂಬಲ್ಲಿಗೆ ಬಂದಾಗ ಮುಂದೆ ಪ್ಲೇಗ್ ಹರಡಿರುವ ಸುದ್ದಿ ಬಂತು. ಮುಹಾಜಿರರನ್ನು, ಅನ್ಸಾರರನ್ನು, ಕುರೈಶರ ಹಿರಿಯರನ್ನು ಕರೆದು ಸಮಾಲೋಚಿಸಿದರು. ಮರಳಿ ಹೋಗುವುದೆಂದು ನಿರ್ಧರಿಸಿದರು. ಆಗ ಹಝ್ರತ್ ಅಬೂ ಉಬೈದ(ರ) ಇದು ಅಲ್ಲಾಹನ ವಿಧಿಯಿಂದ ಓಡಿಹೋಗುವುದಲ್ಲವೇ ಎಂದು ಕೇಳಿದರು. ಹೌದು, ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇವೆ ಎಂಬುದು ಉಮರ್(ರ) ಅವರ ಉತ್ತರದ ಸಾರ. ಒಂದು ಕಡೆ ಹಸಿರು, ಇನ್ನೊಂದು ಕಡೆ ಬರಡು ಇರುವ ಕಣಿವೆಗೆ ಒಂಟೆಗಳನ್ನು ತಂದವನು ಎಲ್ಲಿ ಮೇಯಿಸಿದರೂ ಅದು ಅಲ್ಲಾಹನ ವಿಧಿಯೇ ಎಂದು ಅವರು ಉಪಮೆ ಕೊಟ್ಟರು. ಅಷ್ಟರಲ್ಲಿ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಬಂದು, ಪಿಡುಗಿರುವ ನಾಡಿಗೆ ಹೋಗಬಾರದೆಂಬ ಪ್ರವಾದಿವರ್ಯರ(ಸ) ಸೂಚನೆಯನ್ನು ತಿಳಿಸಿದರು. ಉಮರ್(ರ) ಅಲ್ಲಾಹನನ್ನು ಸ್ತುತಿಸಿ ಮರಳಿದರು.

ಉಮರ್(ರ) ಅವರಿಗೆ ಬಂದದ್ದು ಅಪಾಯದ ಸುದ್ದಿ. ಯಾರು ಸಾಯುವರು, ಯಾರು ಉಳಿಯುವರು ಎಂಬ ಅಗೋಚರ ಜ್ಞಾನ ಅವರಿಗಿರಲಿಲ್ಲ. ನಮ್ಮ ಬಿಪಿ ಚೀಟಿಯೂ, ಕೋಷ್ಟಕದ ಬಣ್ಣವೂ ಅಂಥ ಸುದ್ದಿಯೇ. ಅದು ಗೈಬ್‌ನ ಜ್ಞಾನವಲ್ಲ, ಭವಿಷ್ಯವಾಣಿಯಲ್ಲ. ಹಸಿರು ಕಡೆಗೆ ಹೋಗಲು ಸಿಕ್ಕ ಸೂಚನೆ. ಸೂಚನೆ ಸಿಕ್ಕ ಮೇಲೆ ಬರಡು ಕಡೆಗೆ ನಡೆದು ವಿಧಿಯನ್ನು ದೂರುವುದು ಉಮರ್(ರ) ಅವರ ದಾರಿಯಲ್ಲ.

ಖದ್ರ್‌ನ ಮಾತು ಆಗಿಹೋದ ಸಂಕಟಕ್ಕೆ ಸಾಂತ್ವನ, ಮಾಡಬೇಕಾದ ಕರ್ತವ್ಯಕ್ಕೆ ನೆಪವಲ್ಲ ಎಂದು ನಮ್ಮ ಉಲಮಾಗಳು ವಿವರಿಸಿದ್ದಾರೆ. ಮೊನ್ನೆ ಭಾಭಿಯ ಮನೆಗೆ ಹೋಗಿ ಇದನ್ನೇ ಹೇಳಿದೆ. ಅಣ್ಣನ ಅಗಲಿಕೆ ಅಲ್ಲಾಹನ ತೀರ್ಮಾನ. ಅದಕ್ಕಾಗಿ ನೀವು ನಿಮ್ಮನ್ನು ದೂಷಿಸಿಕೊಳ್ಳಬೇಡಿ. ಗುಳಿಗೆ ಬಿಟ್ಟದ್ದು ಅವನ ತಪ್ಪು, ಸೋಡಾ ತಂದದ್ದು ನನ್ನ ಅಜ್ಞಾನ. ಅಲ್ಲಾಹನು ಇಬ್ಬರನ್ನೂ ಕ್ಷಮಿಸಲಿ. ಆದರೆ ಇನ್ನು ಮುಂದಿನದು ನಮ್ಮ ಹೊಣೆ. ಭಾಭಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಒಳಗಿನಿಂದ ತಮ್ಮ ಬಿಪಿ ಚೀಟಿಯನ್ನೂ, 24 ವರ್ಷದ ಮಗನ ಕೊಲೆಸ್ಟರಾಲ್ ಚೀಟಿಯನ್ನೂ ತಂದು ನನ್ನ ಮುಂದಿಟ್ಟರು. "ಭಾಯಿ, ನೀವು ತೋರಿಸಿಕೊಂಡಿರೇನು?" ಎಂದು ಕೇಳಿದರು.

ಅಲ್ಲಿಯವರೆಗೆ ನಾನು ತೋರಿಸಿಕೊಂಡಿರಲಿಲ್ಲ. ಮರುದಿನ ಹೋದೆ. ಮೇಲಿನ ಅಂಕಿ 148 ಬಂತು. ಒಂದು ವಾರ ಬಿಟ್ಟು ಮತ್ತೆ ನೋಡಿದಾಗ 146. ಈಗ ದಿನಕ್ಕೊಂದು ಗುಳಿಗೆ ಬಿಸ್ಮಿಲ್ಲಾಹ್ ಹೇಳಿ ನುಂಗುತ್ತೇನೆ. ಅಸ್ರ್ ನಮಾಝಿಗೆ ಸ್ಕೂಟರ್ ಬಿಟ್ಟು ನಡೆದುಹೋಗುತ್ತೇನೆ.

ದೇಹ ನಮ್ಮದಲ್ಲ, ಅದು ಅಲ್ಲಾಹನ ಅಮಾನತ್. ಓ ಅಲ್ಲಾಹ್, ಆ ಅಮಾನತ್ತಿನ ಲೆಕ್ಕವನ್ನು ಸರಿಯಾಗಿ ಇಟ್ಟುಕೊಳ್ಳುವ ಬುದ್ಧಿಯನ್ನು ನಮಗೆ ದಯಪಾಲಿಸು. ನಮ್ಮನ್ನು ಅಗಲಿದವರ ಕಬರನ್ನು ಬೆಳಗಿಸು, ಉಳಿದವರಿಗೆ ಆರೋಗ್ಯವನ್ನೂ ಸಬರನ್ನೂ ನೀಡು. ಆಮೀನ್.